ಕೋಬಪ್ಪನಿಗೆ ಮಾಡಿದ ಉಪಚಾರ

ನನ್ನ ಮನೆಯಿಂದ ಅರೆಹೊಟ್ಟೆಯಲ್ಲಿ ಎದ್ದವರು ಯಾರೂ ಇಲ್ಲ. ಕನ್ನಡ ಸಾಲೆಯಲ್ಲಿ ಎರಡನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವನು ನಾನು. ಲೆಕ್ಕ ಬರುವುದಿಲ್ಲ, ಇಂಗ್ರೇಜಿ ಬರುವುದಿಲ್ಲ, ಆದರೆ ಉಪಚಾರ ಬರುತ್ತದೆ. ನಮ್ಮ ಕುಲಗೋಡದ ಕಡೆ ಉಣ್ಣುವವನು ‘ಸಾಕು’ ಎನ್ನಬೇಕು, ಬಡಿಸುವವನು ‘ಇನ್ನೊಂದು’ ಎನ್ನಬೇಕು. ಉಣ್ಣುವವನು ತಾಟಿಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವನು ಬೆರಳ ಸಂದಿಯಿಂದಲಾದರೂ ತುಪ್ಪ ಇಳಿಸಬೇಕು. ಬಂದವರು ಉಂಡು ಏಳುವ ತನಕ ಯಜಮಾನ ಎದುರಿನಿಂದ ಕದಲಿದರೆ ಅವಮಾನ ಮಾಡಿದಂತೆ. ಈ ವಿದ್ಯೆಯಲ್ಲಿ ನನ್ನನ್ನು ಸೋಲಿಸಿದ್ದು ಒಂದೇ ಪ್ರಾಣಿ, ಆಫ್ರಿಕಾದಿಂದ ಬಂದ ಒಂದು ಆಮೆ.

ನನ್ನ ಮಗಳು ರತ್ನವ್ವನ ಗಂಡ ಮೊಂಬಾಸಾದಲ್ಲಿ ರೈಲಿನ ಕೆಲಸದಲ್ಲಿದ್ದಾನೆ. ಎರಡನೆಯ ಬಾಣಂತನಕ್ಕೆಂದು ಮಗಳು ಹಡಗು ಹತ್ತಿ ಬಂದಳು. ಜೊತೆಗೆ, ನಾನು ಅದುವರೆಗೆ ಕಣ್ಣಿಂದ ನೋಡದಿದ್ದ ಮೊಮ್ಮಗಳು ಗಂಗೂ. ಏಳು ವರ್ಷದ ಕೂಸು, ಮೂಗು ಮಾತ್ರ ನನ್ನ ತಾಯಿಯದೇ. ಈ ಮೂಗಿನ ಸುದ್ದಿಯನ್ನು ಊರವರಿಗೆಲ್ಲ ಹೇಳಿ ಮುಗಿಸಿ ಈಗ ನೆರೆಯೂರು ಅರಭಾವಿಯವರಿಗೆ ಹೇಳುತ್ತಿದ್ದೇನೆ. ಆ ಕೂಸಿನ ಬಗಲಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಆಮೆ. ಅದರ ಹೆಸರು ಕೋಬೆ. ಆ ದೇಶದ ಮಾತಿನಲ್ಲಿ ಆಮೆಗೆ ಹಾಗೆಯೇ ಅನ್ನುತ್ತಾರಂತೆ. ಅಳಿಯನ ಮನೆಯಿಂದ ಬಂದದ್ದನ್ನು ಬರಿಯ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ. ಕೋಬಪ್ಪ ಎಂದೆ.

ನಮ್ಮಲ್ಲಿಗೆ ಬರುವ ಮೊದಲು ಅವರು ಹುಕ್ಕೇರಿಯಲ್ಲಿ, ಅಳಿಯನ ತಾಯಿಯ ಹತ್ತಿರ ಇಳಿದಿದ್ದರು. ಅಲ್ಲಿ ಕೋಬಪ್ಪ ಹಾಕಿದ ಸೊಪ್ಪನ್ನೆಲ್ಲ ತಿಂದನಂತೆ. ಇಲ್ಲಿಗೆ ಬಂದವನೇ ಬಾಯಿ ಕಟ್ಟಿಬಿಟ್ಟ. ಹುಕ್ಕೇರಿಯಲ್ಲಿ ಉಂಡನೆಂಬುದು ನನಗೆ ನಂಬುವ ಮಾತಾಗಿರಲಿಲ್ಲ. ಹುಕ್ಕೇರಿಯ ಬೀಗತಿ ಒಮ್ಮೆ ಬಡಿಸಿ ಒಳಗೆ ಹೋದರೆ ಮತ್ತೆ ಮುಖ ತೋರಿಸುವ ಹೆಂಗಸಲ್ಲ. ಆಕೆಯ ಮನೆಯಲ್ಲಿ ಉಂಡು ಬರುವಾಗಲೆಲ್ಲ ನಾನು ದಾರಿಯುದ್ದಕ್ಕೂ ಚಕ್ಕಡಿಯಲ್ಲಿ ಅದನ್ನೇ ಆಡಿಕೊಂಡು ಬಂದಿದ್ದೇನೆ. ಆದರೆ ಗಂಗೂ ಖಡಾಖಂಡಿತ ಹೇಳಿದಳು:

“ಅಜ್ಜಾ, ಕೋಬೆ ಇಲ್ಲೆ ಉಣ್ಣಲಿಲ್ಲ ಅಂದ್ರ ನಾ ಹುಕ್ಕೇರಿ ಆಯಿ ಮನಿಗೆ ಹೋಗತೇನಿ.”

ಬರಿಯ ಮಾತಲ್ಲ, ಟ್ರಂಕಿನಿಂದ ಲಂಗಗಳನ್ನು ಹೊರಗೇ ತೆಗೆಯಲಿಲ್ಲ. ಹುಕ್ಕೇರಿಯಿಂದಲೂ ಸುದ್ದಿ ಬಂತು, ಸಂತೆ ಮುಗಿದ ಮರುದಿನ ಚಕ್ಕಡಿ ಕಳಿಸುತ್ತೇವೆ ಎಂದು. ಏಳು ವರ್ಷ ಕಾದು ಕಂಡ ಮೂಗು ಒಂದು ಆಮೆಯ ಹೊಟ್ಟೆಯ ಸಲುವಾಗಿ ಕೈಬಿಟ್ಟು ಹೋಗುವ ಹೊತ್ತು ಬಂತು.

ಪರದೇಶಕ್ಕೆ ಬಂದವರಿಗೆ ತಮ್ಮೂರಿನ ಊಟ ಎಲ್ಲಿ ಸಿಗಬೇಕು. ನಮ್ಮ ಕರಿ ಮಣ್ಣಿನಲ್ಲಿ ಬೆಳೆದದ್ದನ್ನೇ ತರಬೇಕು. ಮೆಂತೆ ತಂದೆ, ರಾಜಗಿರಿ ತಂದೆ, ಪುಂಡಿ ಸೊಪ್ಪು ತಂದೆ. ಜೋಳದ ಹೊಲಕ್ಕೆ ಹೋಗಿ ಎಳೆಯ ಹಕ್ಕರಕಿ ಸೊಪ್ಪನ್ನು ಕೈಯಾರೆ ಕಿತ್ತು ತೊಳೆದು ತಂದೆ. ಕಂಬಳಿ ಹಾಸಿ, ಹಿತ್ತಾಳೆ ತಾಟಿನಲ್ಲಿ ಬಡಿಸಿ, ಎದುರಿಗೆ ಕುಳಿತು, ತಗೋರಿ ಕೋಬಪ್ಪ, ನಾಚಬ್ಯಾಡ್ರಿ ಎಂದೆ. ಆತ ತಲೆ ಒಳಗೆ ಎಳೆದುಕೊಂಡ. ನನಗೆ ಸಂತೋಷವೇ ಆಯಿತು. ಪರದೇಶದವನಾದರೂ ರೀತಿ ಬಲ್ಲವನು, ಮೊದಲು ಬೇಡ ಎನ್ನುತ್ತಿದ್ದಾನೆ ಎಂದುಕೊಂಡೆ. ಮತ್ತೆ ಒತ್ತಾಯ ಮಾಡಿದೆ. ಕಾಲನ್ನೂ ಎಳೆದುಕೊಂಡ. ಓಣಿಯವರೆಲ್ಲ ಬಂದು ಸುತ್ತ ಕುಳಿತು ತಲೆಗೊಂದರಂತೆ ಒತ್ತಾಯ ಮಾಡಿದರು. ಪುಂಡಿ ಹುಳಿಯಾಗಿರಬೇಕೆಂದು ಒಬ್ಬರು ಬೆಲ್ಲ ತಂದರು, ಇನ್ನೊಬ್ಬರು ಹೋಳಿಗೆಯನ್ನೇ ತಂದರು. ಕೋಬಪ್ಪ ಕಲ್ಲಾಗಿ ಕುಳಿತ.

“ಇನ್ನ ಬಾಯಿ ಬಿಡಿಸಿ ತುರುಕೂದೊಂದು ಉಳದೈತಿ ನೋಡ್ರಿ,” ಎಂದಳು ನನ್ನ ಹೆಂಡತಿ ನೀಲವ್ವ.

ಗಂಗೂನ ಊಟವೂ ಅಷ್ಟಕ್ಕಷ್ಟೇ. ನಾನು ‘ಇನ್ನೊಂದು ರೊಟ್ಟಿ’ ಎಂದಾಗಲೆಲ್ಲ ತಾಟಿನ ಮೇಲೆ ಎರಡೂ ಕೈ ಇಟ್ಟು, ತಲೆಯನ್ನು ಮೊಳಕಾಲಿನ ನಡುವೆ ಹುದುಗಿಸುತ್ತಿದ್ದಳು. ಆಫ್ರಿಕಾದ ಹವೆಗೆ ಹಸಿವು ಕಡಿಮೆ ಎಂದು ನಾನೇ ಎಲ್ಲರಿಗೂ ತಿಳಿಸಿ ಹೇಳಿದೆ.

ಸಂತೆಯ ದಿನ ನಮ್ಮ ಆಕಳು ಹಗ್ಗ ಹರಿದುಕೊಂಡು ಪಕ್ಕದವರ ಜೋಳಕ್ಕೆ ನುಗ್ಗಿತು. ಉಪಚಾರವನ್ನು ಅರ್ಧಕ್ಕೇ ಬಿಟ್ಟು ಮನೆಯವರೆಲ್ಲ ಓಡಿದೆವು. ಅತಿಥಿಯನ್ನು ಒಬ್ಬನನ್ನೇ ಬಿಟ್ಟು ಬಂದೆನಲ್ಲ ಎಂಬ ಸಂಕಟದಿಂದ ಆಕಳನ್ನು ಎರಡೇಟು ಹೆಚ್ಚಿಗೇ ಹೊಡೆದೆ. ತಿರುಗಿ ಬಂದು ನೋಡಿದರೆ ತಾಟು ಬೋರಲು ಬಿದ್ದಿತ್ತು, ಹಕ್ಕರಕಿಯ ಒಂದು ದಂಟೂ ಇರಲಿಲ್ಲ, ಕೋಬಪ್ಪನ ಬಾಯಿ ಹಸಿರಾಗಿತ್ತು. ನಾನು ಕೂಡಲೇ ಎದುರಿಗೆ ಕುಳಿತು ಮತ್ತಷ್ಟು ಬಡಿಸಿದೆ. ತಲೆ ಒಳಗೆ ಹೋಯಿತು. ಗಂಗೂ ನನ್ನ ಕೈ ಹಿಡಿದಳು.

“ಅಜ್ಜಾ, ನೀ ಮುಂದ ಕುಂತ್ರ ಅದು ಉಣ್ಣಂಗಿಲ್ಲ.” ತಾಟನ್ನು ನನ್ನಿಂದ ದೂರ ಸರಿಸಿ, “ನಾನೂ ಉಣ್ಣಂಗಿಲ್ಲ. ಹುಕ್ಕೇರಿ ಆಯಿ ಇಟ್ಟು ಹೋಗಿಬಿಡ್ತಾಳ,” ಎಂದಳು.

ಅಂದಿನಿಂದ ಊಟದ ಹೊತ್ತಿಗೆ ನನ್ನ ಜಾಗ ಹೊರಗಿನ ಕಟ್ಟೆ. ಒಳಗಿನಿಂದ ಗಂಗೂ ಖಡಕ್ ರೊಟ್ಟಿ ಮುರಿಯುವ ಸಪ್ಪಳ ಕೇಳುತ್ತದೆ, ಒಂದಾದ ಮೇಲೆ ಒಂದು. ಆ ಸಪ್ಪಳ ಕೇಳುತ್ತ ಕುಳಿತರೆ ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಗುತ್ತದೆ. ಲಂಗಗಳು ಟ್ರಂಕಿನಿಂದ ಹೊರಬಿದ್ದು ಹಗ್ಗದ ಮೇಲೆ ಒಣಗುತ್ತಿವೆ. ಹುಕ್ಕೇರಿಯ ಚಕ್ಕಡಿ ಖಾಲಿ ತಿರುಗಿ ಹೋಯಿತು. ಚಕ್ಕಡಿ ಹೊಡೆಯುವವನಿಗೆ ಮೂಗಿನ ವಿಷಯ ಹೇಳಿಯೇ ಕಳಿಸಿದೆ.

ಎಲ್ಲವೂ ಸರಿಹೋಯಿತು, ಒಂದನ್ನು ಬಿಟ್ಟು. ಈ ಹೊಸ ಪದ್ಧತಿ ನೀಲವ್ವನಿಗೆ ಬಹಳ ಹಿಡಿಸಿದೆ. ನಿನ್ನೆ ನನ್ನ ತಾಟು ಇಟ್ಟು, ಒಂದು ರೊಟ್ಟಿ ಹಾಕಿದಳು. ರೂಢಿಯಂತೆ ನಾನು ‘ಸಾಕು’ ಎಂದೆ, ಕೈಯನ್ನೂ ಅಡ್ಡ ಹಿಡಿದೆ. ತಲೆ ಎತ್ತಿ ನೋಡಿದರೆ ಎದುರಿಗೆ ಯಾರೂ ಇರಲಿಲ್ಲ. ಅಡ್ಡ ಹಿಡಿದ ಕೈ ಹಾಗೆಯೇ ಇಟ್ಟುಕೊಂಡು ಬಹಳ ಹೊತ್ತು ಕಾದೆ. ಕೊನೆಗೆ ಕೈ ತೊಳೆದು ಕಟ್ಟೆಗೆ ಹೋದೆ. ಅಲ್ಲಿ ಕೋಬಪ್ಪ ಹಕ್ಕರಕಿ ತಿನ್ನುತ್ತಿದ್ದ. ಆತನಿಗೆ ಸಂಕೋಚವಾಗಬಾರದೆಂದು ಬೆನ್ನು ತಿರುಗಿಸಿ ಕುಳಿತೆ. ನನ್ನ ಮನೆಯಿಂದ ಅರೆಹೊಟ್ಟೆಯಲ್ಲಿ ಎದ್ದವರು ಯಾರೂ ಇಲ್ಲ ಎಂದೆನಲ್ಲ, ಈಗ ಒಬ್ಬನಿದ್ದಾನೆ.