ಚಳ್ಳಕೆರೆಯಲ್ಲಿ ಸಮುದ್ರದ ಪಾಠ

ಭೂವಿಜ್ಞಾನ ಕಲಿಸುವವರು ಸುತ್ತಿಗೆ ಹಿಡಿದು ಎಲ್ಲಿಗೆ ಹೋದರೂ ಜನ ಏನಾದರೊಂದು ಅಂದುಕೊಳ್ಳುತ್ತಾರೆ. ಅದರಲ್ಲೂ ಹೆಂಗಸು, ಅದರಲ್ಲೂ ಒಬ್ಬಳೇ ಎಂದರೆ ಕೇಳುವುದೇ ಬೇಡ. ಚಳ್ಳಕೆರೆಯ ಕಾಲೇಜಿಗೆ ವರ್ಗವಾಗಿ ಬಂದಮೇಲೆ ನನಗೆ ಇಂಥವು ನಡೆಯುತ್ತಲೇ ಇವೆ. ಮನೆಗೆ ಹೋಗಿ ಹೇಳಿಕೊಂಡು ನಗೋಣ ಎಂದರೆ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ತುಂಬಿದ ತರಗತಿ

ಕೊನೆಯ ವರ್ಷದ ನನ್ನ ತರಗತಿಯಲ್ಲಿ ಇದ್ದದ್ದು ಒಬ್ಬಳೇ ಹುಡುಗಿ. ನನ್ನಿವಾಳದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳು ಬಂದರೆ ಹಾಜರಾತಿ ನೂರಕ್ಕೆ ನೂರು, ಬರದಿದ್ದರೆ ಸೊನ್ನೆ. ಮುಂದಿನ ವರ್ಷಕ್ಕೆ ಯಾರೂ ಸೇರದಿದ್ದರೆ ವಿಷಯವನ್ನೇ ಮುಚ್ಚಬೇಕಾಗುತ್ತದೆ ಎಂದು ಪ್ರಾಂಶುಪಾಲರು ಮೆಲ್ಲಗೆ ತಿಳಿಸಿದ್ದರು. ಮುಚ್ಚಿದರೆ ನನಗೆ ಮತ್ತೆ ವರ್ಗ, ಮತ್ತೆ ಹೊಸ ಊರು, ಹಾಲಿನವನನ್ನು ಹುಡುಕುವುದರಿಂದ ಮತ್ತೆ ಶುರು.

ಆ ದಿನದ ಪಾಠ ಅಕ್ರೀಷನರಿ ಪ್ರಿಸಂ. ಸಮುದ್ರದ ತಳ ಹೊತ್ತ ಒಂದು ಭೂಫಲಕ ಇನ್ನೊಂದರ ಅಡಿಗೆ ಜಾರುತ್ತದೆ. ಜಾರುವಾಗ ಅದರ ಮೈಮೇಲಿನ ಕೆಸರು, ಮರಳು, ಒಂದಿಷ್ಟು ಲಾವಾಕಲ್ಲು ಎಲ್ಲ ಮೇಲಿನ ಫಲಕದ ಅಂಚಿಗೆ ತಾಗಿ, ಹೆರೆದಂತೆ ಕಿತ್ತುಬಂದು, ಅಲ್ಲೇ ಬೆಣೆಯ ಹಾಗೆ ಗುಡ್ಡೆ ಬೀಳುತ್ತದೆ. ಹೊಸದಾಗಿ ಬಂದ ಪದರ ಹಳೆಯದರ ಅಡಿಗೆ ತೂರುತ್ತದೆ, ಹಳೆಯದು ಓರೆಯಾಗಿ ಮೇಲೇಳುತ್ತದೆ. ನಮ್ಮ ಚಿತ್ರದುರ್ಗದ ಕಡೆಯ ಕೆಲವು ಕಲ್ಲುಗಳು ಹೀಗೆ ಕೂಡಿಕೊಂಡವು ಎಂದು ವಾದಿಸುವವರಿದ್ದಾರೆ, ಒಪ್ಪದವರೂ ಇದ್ದಾರೆ.

ಇಷ್ಟನ್ನು ಮೈಮರೆತು ಹೇಳಿ ಮುಗಿಸಿ, ಈ ವಿಷಯದಲ್ಲಿ ನಿನಗೆ ಆಸಕ್ತಿ ಹುಟ್ಟಿದ್ದು ಹೇಗೆ ಎಂದು ಅವಳನ್ನು ಕೇಳಿದೆ. ಪ್ರವೇಶದ ದಿನ ಬೇರೆ ವಿಷಯಗಳಿಗೆ ಕ್ಯೂ ಇತ್ತು, ಇದಕ್ಕೆ ಇರಲಿಲ್ಲ, ಊರಿನ ಬಸ್ಸಿಗೆ ಹೊತ್ತಾಗಿತ್ತು ಎಂದಳು. ನನ್ನ ಮುಖ ಇಳಿದದ್ದು ಅವಳಿಗೆ ಕಂಡಿರಬೇಕು.

"ಈಗ ಹಂಗಲ್ಲ ಮಿಸ್," ಎಂದಳು. "ನಾನು ಬರ್ಲಿಲ್ಲ ಅಂದ್ರೆ ಕ್ಲಾಸಲ್ಲಿ ನೀವೊಬ್ರೇ ಆಗ್ತೀರಲ್ಲ, ಅದಕ್ಕೆ ಬರ್ತೀನಿ."

ಹಿಟ್ಟಿನ ಬೆಟ್ಟ

ಈ ಪಾಠವನ್ನು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಬೇಕೆಂದು ಒಂದು ಭಾನುವಾರ ಮನೆಯಲ್ಲೇ ಅಭ್ಯಾಸಕ್ಕೆ ಕೂತೆ. ನೆಲದ ಮೇಲೆ ಹಳೆಯ ಸೀರೆ ಹಾಸಿದೆ. ಅದರ ಮೇಲೆ ರಾಗಿ ಹಿಟ್ಟು, ಅಕ್ಕಿ ಹಿಟ್ಟು ಒಂದರ ಮೇಲೊಂದು ಹರಡಿದೆ. ಪದರ ಎದ್ದು ಕಾಣಲಿ ಎಂದು ನಡುವೆ ಖಾರದ ಪುಡಿ ಉದುರಿಸಿದೆ. ಒಂದು ತುದಿಯಲ್ಲಿ ಮಣೆಯನ್ನು ಅಡ್ಡ ನಿಲ್ಲಿಸಿ, ಅದರಡಿಯಿಂದ ಸೀರೆಯನ್ನು ಮೆಲ್ಲಗೆ ಎಳೆದೆ. ಸೀರೆ ಅಡಿಗೆ ಹೋಯಿತು, ಹಿಟ್ಟು ಮಣೆಗೆ ತಾಗಿ ಮಡಚಿಕೊಂಡು ಮೇಲೆದ್ದಿತು. ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ಬಂದಿತ್ತು. ನೋಡಿ ಎಂದು ಕರೆಯಲು ಯಾರೂ ಇರಲಿಲ್ಲ.

ಖಾರದ ಘಾಟು ಕೆಳಗಿನ ಮನೆಗೆ ಹೋಗಿ, ಮನೆಯೊಡತಿ ಸೀನುತ್ತಾ ಮೇಲೆ ಬಂದರು. ಅಷ್ಟು ಹಿಟ್ಟು ನೋಡಿ ಅವರ ಮುಖ ಅರಳಿತು. ಯಾರೋ ನೆಂಟರು ಬರುತ್ತಿದ್ದಾರೆ ಅಲ್ಲವೇ, ಮೊದಲೇ ಹೇಳಬಾರದೇ, ನಮ್ಮ ದೊಡ್ಡ ಪಾತ್ರೆ ಕೊಡುತ್ತೇನೆ, ಮಂಚ ಬೇಕಾದರೂ ಮೇಲೆ ಹಾಕಿಸುತ್ತೇನೆ ಎಂದು ಒಂದೇ ಸಮನೆ ಹೇಳಿದರು. ನನ್ನ ಮನೆಗೆ ಯಾರಾದರೂ ಬರಲಿ ಎಂದು ನನಗಿಂತ ಹೆಚ್ಚಾಗಿ ಅವರೇ ಕಾದಿದ್ದರೆಂದು ನನಗೆ ಆಗಲೇ ತಿಳಿದದ್ದು. ಯಾರೂ ಬರುತ್ತಿಲ್ಲ, ಇದು ಬೆಟ್ಟ ಎಂದೆ.

ಅವರು ಪಕ್ಕದಲ್ಲೇ ಕೂತರು. ಸೀರೆಯ ತುದಿ ಹಿಡಿದು ತಾವೂ ಒಮ್ಮೆ ಎಳೆದು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಇರೋದು ಒಬ್ರು, ಬೆಟ್ಟ ಸ್ವಲ್ಪ ಸಣ್ಣದು ಮಾಡಿದ್ರೆ ಆಗ್ತಿರ್ಲಿಲ್ವೇನ್ರಿ ಮೇಡಂ," ಎಂದರು.

ಇಲ್ಲದ್ದನ್ನು ನೋಡಲು

ಬೇರೆ ತರಹದ ಕಲ್ಲೂ ಕಾಣಲಿ ಎಂದು ತರಗತಿಯನ್ನೆಲ್ಲ, ಅಂದರೆ ಆ ಹುಡುಗಿಯನ್ನು, ಮೊಳಕಾಲ್ಮೂರಿಗೆ ಕರೆದುಕೊಂಡು ಹೋದೆ. ಅಲ್ಲಿಯ ಗುಡ್ಡಗಳು ಗ್ರಾನೈಟಿನವು. ನೆಲದಾಳದಲ್ಲಿ ಕರಗಿದ ಕಲ್ಲು ಅಲ್ಲೇ ಆರಿ ಗಟ್ಟಿಯಾದದ್ದು. ಪದರವಿಲ್ಲ, ಸಮುದ್ರದ ಕೆಸರಿನ ಸುಳಿವಿಲ್ಲ. ಇಡೀ ಬೆಳಿಗ್ಗೆ ಬಿಸಿಲಲ್ಲಿ ಬಂಡೆಯಿಂದ ಬಂಡೆಗೆ ಸುತ್ತಿ, ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯಲು ನಿಂತೆವು.

ಅಂಗಡಿಯವರು ನನ್ನ ಸುತ್ತಿಗೆ ನೋಡಿ ಏನು ಹುಡುಕುತ್ತಿದ್ದೀರಿ ಎಂದು ವಿಚಾರಿಸಿದರು. ನಾನು ಉತ್ಸಾಹದಿಂದ, ಸಮುದ್ರದಡಿ ಕೂಡಿಕೊಂಡ ಕಲ್ಲು ಇಲ್ಲಿಲ್ಲ ಎಂಬುದನ್ನು ಹುಡುಗಿಗೆ ತೋರಿಸುತ್ತಿದ್ದೇನೆ ಎಂದೆ. ಬೆಂಚಿನ ಮೇಲಿದ್ದ ಗೆಳೆಯರೊಬ್ಬರು ಏನಂತೆ ಎಂದು ತೆಲುಗಿನಲ್ಲಿ ಕೇಳಿದ್ದಕ್ಕೆ, ನಮಗೂ ತಿಳಿಯಲಿ ಎಂದೋ ಏನೋ, ಅಂಗಡಿಯವರು ಕನ್ನಡದಲ್ಲೇ ಉತ್ತರ ಕೊಟ್ಟರು.

"ಇಲ್ಲಿ ಏನಿಲ್ಲ ಅಂತ ನೋಡೋಕೆ ಚಳ್ಳಕೆರೆಯಿಂದ ಬಸ್ ಹತ್ಕೊಂಡು ಬಂದವ್ರೆ. ಫೋನ್ ಮಾಡಿದ್ರೆ ನಾನೇ ಹೇಳ್ತಿದ್ದೆ."

ಕಾವಲಿನಲ್ಲಿ ಭಾಷಣ

ಪಿಯುಸಿ ಮಕ್ಕಳ ಮುಂದೆ ಒಂದು ಭಾಷಣ ಮಾಡಿ, ನಾಲ್ಕು ಜನ ಸೇರಿದರೂ ವಿಷಯ ಉಳಿಯುತ್ತದೆ ಎಂದರು ಪ್ರಾಂಶುಪಾಲರು. ಅದು ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಐದು ಜನ ಸೇರಿದರು. ವಿಷಯ ಉಳಿಯಿತು, ನಾನೂ ಉಳಿದೆ. ಹೇಳಬೇಕಾದದ್ದು ಭಾಷಣದ ಹಿಂದಿನ ದಿನದ ಕತೆ.

ಮನೆಯಲ್ಲಿ ಅಭ್ಯಾಸ ಮಾಡಿದರೆ ನನ್ನ ದನಿ ಖಾಲಿ ಕೋಣೆಯಲ್ಲಿ ನನಗೇ ವಾಪಸು ಕೇಳುತ್ತಿತ್ತು. ಅದಕ್ಕೆ ವರವು ಕಾವಲಿನ ಹುಲ್ಲುಗಾವಲಿನ ಕಡೆ ಹೋಗಿ, ಅದರ ಬೇಲಿಯ ಈಚೆ ಒಂದು ಕಲ್ಲಿನ ಮೇಲೆ ಕೂತು, ಹುಲ್ಲಿಗೆ ಭಾಷಣ ಮಾಡತೊಡಗಿದೆ. ಮಕ್ಕಳಿಗೆ ಹಿಡಿಸಲಿ ಎಂದು ಫಲಕಗಳನ್ನು ಮನುಷ್ಯರ ಹಾಗೆ ಬಣ್ಣಿಸಿದ್ದೆ.

"ಅವನು ತಿರುಗಿ ನೋಡುವುದಿಲ್ಲ, ಹೊರಟುಹೋಗುತ್ತಾನೆ. ಇಷ್ಟು ಕಾಲ ಹೊತ್ತು ತಂದದ್ದನ್ನೆಲ್ಲ ಅವಳ ಮೇಲೆ ಹಾಕಿ ಹೋಗುತ್ತಾನೆ. ಆ ಭಾರಕ್ಕೆ ಅವಳು ಬಗ್ಗುತ್ತಾಳೆ, ಆದರೂ ಅಲ್ಲೇ ನಿಲ್ಲುತ್ತಾಳೆ."

ಹಿಂದೆ ಕುರಿ ಅರಚಿತು. ತಿರುಗಿದರೆ ಕುರಿ ಕಾಯುವ ಮುದುಕ, ಪಕ್ಕದಲ್ಲಿ ಅವನ ಹೆಂಡತಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಆಕೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅವನು ಹೋಗಿ ಎಷ್ಟು ವರ್ಷ ಆಯ್ತವ್ವ?" ಮುದುಕ ಕೇಳಿದ.

ಪಾಠದ ಗುಂಗಿನಲ್ಲಿದ್ದ ನಾನು ಕೋಟ್ಯಂತರ ವರ್ಷ ಎಂದುಬಿಟ್ಟೆ.

"ಪಾಪ, ಹಂಗೇ ಅನ್ನಿಸ್ತೈತೆ," ಎಂದಳು ಹೆಂಡತಿ.

ನಾನು ಗಾಬರಿಯಾಗಿ, ಇದು ನನ್ನ ಕತೆಯಲ್ಲ, ನನಗೆ ಮದುವೆಯೇ ಆಗಿಲ್ಲ ಎಂದೆ. ಎಷ್ಟು ನೋವಾಗಿದ್ದರೆ ಮದುವೆಯೇ ಆಗಿಲ್ಲ ಅಂತಾಳೆ ನೋಡು ಎಂದು ಆಕೆ ಗಂಡನ ಕಡೆ ತಿರುಗಿದಳು. ಅವನ ಊರು ಹೇಳು, ನಾವು ಹಿರಿಯರು ಹೋಗಿ ಮಾತಾಡುತ್ತೇವೆ ಎಂದು ಮುದುಕ ಪಟ್ಟು ಹಿಡಿದ. ನನ್ನ ಉತ್ತರಕ್ಕೂ ಕಾಯದೆ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ. ಯಾರಾದರೂ ಪಕ್ಕದಲ್ಲಿ ಕೂತು ಇನ್ನೊಂದು ಹಾಕಿಕೋ ಎಂದದ್ದು ಯಾವಾಗಲೋ ನೆನಪಿಲ್ಲ. ಹಾಕಿಸಿಕೊಂಡೆ.

ಉಂಡಮೇಲೆ ಎರಡು ಚಪ್ಪಟೆ ಕಲ್ಲು ಆಯ್ದು, ಅವುಗಳ ನಡುವೆ ಮಣ್ಣಿಟ್ಟು, ಒಂದನ್ನು ಇನ್ನೊಂದರ ಅಡಿಗೆ ತಳ್ಳಿ ಎಲ್ಲವನ್ನೂ ಮೊದಲಿನಿಂದ ವಿವರಿಸಿದೆ. ಇಬ್ಬರೂ ಒಂದು ಮಾತೂ ಬಿಡದೆ ಕೇಳಿದರು. ನನ್ನ ಪಾಠವನ್ನು ಅಷ್ಟು ಮನಸ್ಸಿಟ್ಟು ಕೇಳಿದವರಿಲ್ಲ. ಅರ್ಥವಾಯಿತು ಎಂದು ಸಮಾಧಾನದಿಂದ ಸುತ್ತಿಗೆ ಎತ್ತಿಕೊಂಡು ಹೊರಟೆ. ಆಕೆ ಗಂಡನಿಗೆ ಮೆಲ್ಲಗೆ ಹೇಳಿದ್ದು ಗಾಳಿಯಲ್ಲಿ ನನಗೂ ಕೇಳಿಸಿತು.

"ಓದಿದೋರು ಹಂಗೇ ಬಿಡು. ನೇರವಾಗಿ ಹೇಳಲ್ಲ, ಕಲ್ಲಿನ ಮೇಲೆ ಹಾಕಿ ಹೇಳ್ತಾರೆ."