ಸೊಸೆಯ ತರಗತಿಯಲ್ಲಿ ನಾನು

ಶಾಲೆಯ ಮೆಟ್ಟಿಲು ಹತ್ತದೆ ಅಕ್ಷರ ಕಲಿತವನು ನಾನು. ದರ್ಜಿ ಕೆಲಸವನ್ನೂ ಯಾರೂ ಹೇಳಿಕೊಡಲಿಲ್ಲ; ಹಳೆಯ ಅಂಗಿಯೊಂದರ ಹೊಲಿಗೆ ಬಿಚ್ಚಿ, ಹೇಗಿತ್ತೋ ಹಾಗೇ ಮತ್ತೆ ಕೂಡಿಸಿ ಕಲಿತೆ. (ಮೊದಲ ಅಂಗಿಗೆ ಎರಡೂ ಎಡತೋಳೇ ಬಂದದ್ದು ಬೇರೆ ಮಾತು.) ಇಂಥ ಸ್ವಯಂಭೂ ವಿದ್ವಾಂಸ ಮನೆಯಲ್ಲಿ ಗೂಟ ಹೊಡೆದಂತೆ ಕೂತಿರುವಾಗ, ಹೊಸದಾಗಿ ಟೀಚರಾದ ಸೊಸೆ ಪಾಠ ಹೇಗೆ ಮಾಡಬೇಕೆಂದು ಕಂಪ್ಯೂಟರನ್ನು ಕೇಳುತ್ತಾಳೆ ಅಂದರೆ ಹೊಟ್ಟೆ ಉರಿಯುವುದಿಲ್ಲವೇ?

ಅವಳಿಗೆ ಯಾವುದೋ ವೆಬ್‌ಸೈಟ್ ಸಿಕ್ಕಿತ್ತು. ಹೊಸ ಟೀಚರುಗಳಿಗೆಂದೇ ಇರುವುದಂತೆ. ಯಾವ ತರಗತಿ, ಯಾವ ಪಾಠ ಎಂದು ಒತ್ತಿದರೆ ಸಾಕು, ನಲವತ್ತು ನಿಮಿಷವನ್ನು ತುಂಡು ತುಂಡು ಮಾಡಿ ಮುಂದಿಡುತ್ತದೆ. ಇಷ್ಟು ಹೊತ್ತು ಪ್ರಶ್ನೆ, ಇಷ್ಟು ಹೊತ್ತು ಮಕ್ಕಳ ಕೈಯಲ್ಲಿ ಕೆಲಸ, ಇಷ್ಟು ಹೊತ್ತು ಆಟ. ಒಂದೊಂದು ತುಂಡು ಮುಗಿದಾಗಲೂ ಟಿಣ್ ಅನ್ನುತ್ತದೆ. ಸಾಲದ್ದಕ್ಕೆ ಪಳಗಿದ ಟೀಚರುಗಳು ಬುದ್ಧಿ ಹೇಳುವ ವಿಡಿಯೋಗಳು. ಸೊಸೆ ಪಾತ್ರೆ ತೊಳೆಯುವಾಗಲೂ ಕಿವಿಗೆ ಅವನ್ನೇ ಸಿಕ್ಕಿಸಿಕೊಂಡಿರುತ್ತಿದ್ದಳು.

"ಬಟ್ಟೆ ಕತ್ತರಿಸುವಾಗ ನಾನು ಯಾವ ಪೆಟ್ಟಿಗೆಯನ್ನು ಕೇಳಿದ್ದೆನಮ್ಮಾ?" ಎಂದೆ.

"ಕೇಳಿದ್ದರೆ ಗಿರಾಕಿಗಳು ಬದುಕಿಕೊಳ್ಳುತ್ತಿದ್ದರು," ಎಂದಳು ನನ್ನ ಹೆಂಡತಿ.

ಗುರುವಾರ ಹೆಡ್ ಮೇಡಂ ಸೊಸೆಯ ತರಗತಿಯಲ್ಲಿ ಕೂತು ಪಾಠ ನೋಡುವವರಿದ್ದರು. ಅವರು ಒಪ್ಪಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ. ಪಾಠ, ಉದ್ದ ಅಳೆಯುವುದು. ಭಾನುವಾರ ನಡುಮನೆಯಲ್ಲೇ ಅಭ್ಯಾಸ ಇಟ್ಟುಕೊಂಡಳು. ಹೆಂಡತಿ, ಮಗ, ನಾನು ವಿದ್ಯಾರ್ಥಿಗಳು. ಸೊಸೆ ಎರಡು ಕಾಗದದ ಪಟ್ಟಿ ಎತ್ತಿ ಹಿಡಿದಳು.

"ಮಕ್ಕಳೇ, ಇದರಲ್ಲಿ ಯಾವುದು ಉದ್ದ ಅಂತ ಹೇಗೆ ತಿಳ್ಕೊಳ್ಳೋಣ?"

"ಕಣ್ಣಲ್ಲಿ," ಎಂದೆ.

"ಮಾವ, ಕೈ ಎತ್ತಿ ಹೇಳಬೇಕು."

ಎತ್ತಿದೆ. "ಕಣ್ಣಲ್ಲಿ. ನಿನ್ನ ಎಡಗೈಯದು ಎರಡು ಬೆರಳು ಉದ್ದ."

"ಕಣ್ಣು ಮೋಸ ಮಾಡಬಹುದಲ್ವಾ? ಅದಕ್ಕೇ ಸ್ಕೇಲು..."

"ನನ್ನ ಕಣ್ಣು ಮೋಸ ಮಾಡಿದ್ದು ಯಾವತ್ತು? ಒಬ್ಬ ಕಂಟ್ರಾಕ್ಟರು ಬಂದಿದ್ದ, ಆನೆ ಗಾತ್ರದವನು. ಟೇಪು ಮುಟ್ಟಲಿಲ್ಲ ನಾನು. ಬಾಗಿಲಲ್ಲಿ ನಿಂತವನನ್ನು ಒಂದು ಸಲ ನೋಡಿ ಕೋಟು ಕತ್ತರಿಸಿಬಿಟ್ಟೆ."

"ಆ ಕೋಟೇ ಈಗ ನಮ್ಮ ಹೊಲಿಗೆ ಮಷೀನಿಗೆ ಮುಸುಕು," ಎಂದಳು ಹೆಂಡತಿ. "ಅದಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗೆ ಕೂತಿದೆ."

ಕಂಪ್ಯೂಟರ್ ಟಿಣ್ ಅಂದಿತು. ನಾನು ಬಿಡಲಿಲ್ಲ. ತಪ್ಪು ಕೋಟಿನದಲ್ಲ, ಹೊಲಿದು ಮುಗಿಸುವಷ್ಟರಲ್ಲಿ ಕಂಟ್ರಾಕ್ಟರು ಊದಿಕೊಂಡದ್ದು ಎಂದು ಸಾಧಿಸತೊಡಗಿದೆ. ಮತ್ತೆ ಟಿಣ್. ನಾನು ಕೋಟಿನ ಗುಂಡಿಗೆ ಬರುವಷ್ಟರಲ್ಲಿ ಪಾಠದ ಹೊತ್ತೇ ಮುಗಿದಿತ್ತು. ಪಟ್ಟಿಗಳು ಸೊಸೆಯ ಕೈಯಲ್ಲಿ ಹಾಗೇ ಇದ್ದವು. "ಗುರುವಾರವೂ ಹೀಗೇ ಆದರೆ ನನ್ನ ಕಥೆ ಮುಗೀತು," ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು.

"ಅಪ್ಪಾ," ಎಂದ ಮಗ, "ಅವಳ ಕ್ಲಾಸಲ್ಲೂ ಹೀಗೇ ಒಬ್ಬ ಇದ್ದಾನೆ. ಬಾಯಿ ಹಾಕಿದ ಅಂದರೆ ಪಾಠ ಕುಲಗೆಟ್ಟು ಹೋಗುತ್ತೆ. ಅವನ ಭಯಕ್ಕೇ ಅವಳಿಗೆ ನಿದ್ದೆ ಇಲ್ಲ."

"ಪಾಪ, ಮನೆಯಲ್ಲಿ ಬುದ್ಧಿ ಹೇಳುವ ಹಿರಿಯರಿಲ್ಲವೇನೋ," ಎಂದೆ.

ಮಾರನೆಯ ದಿನದಿಂದ ಮನೆಯ ಗಾಳಿಯೇ ಬದಲಾಯಿತು. ಟೀ ಕುಡಿದ ಲೋಟವನ್ನು ಎಂದಿನಂತೆ ನೆಲಕ್ಕಿಡದೆ, ಯಾಕೋ ಮರೆತು ಮೇಜಿನ ಮೇಲಿಟ್ಟೆ.

"ನೋಡಿದ್ರಾ ಅತ್ತೆ, ಮಾವ ಲೋಟ ಎಷ್ಟು ಜೋಪಾನವಾಗಿ ಇಟ್ಟರು," ಎಂದಳು ಸೊಸೆ.

"ಅವರದು ಯಾವಾಗಲೂ ಅಚ್ಚುಕಟ್ಟು," ಎಂದಳು ಹೆಂಡತಿ. ಮದುವೆಯಾದಂದಿನಿಂದ ನನಗೊಂದು ಒಳ್ಳೆಯ ಮಾತು ದಾನ ಮಾಡದ ಬಾಯಿ ಅದು. ನಾನು ನೆನೆದ ಕಡಲೆಯ ಹಾಗೆ ಉಬ್ಬಿ, ಆ ಲೋಟವನ್ನು ಒಯ್ದು ತೊಳೆದೇ ಇಟ್ಟೆ.

"ಪಾಠಕ್ಕೆ ಕಾಗದದ ಪಟ್ಟಿ ಕತ್ತರಿಸಬೇಕು ಮಾವ. ಅದಕ್ಕೆ ನಿಮ್ಮ ಕೈಯೇ ಆಗಬೇಕು," ಎಂದು ಸೊಸೆ ಕತ್ತರಿ ಕೊಟ್ಟಳು. ಊಟದ ಹೊತ್ತಿಗೆ ಮೂಲೆಯ ಕುರ್ಚಿಯಿಂದ ಅವರಿಬ್ಬರ ಎದುರಿನ ಕುರ್ಚಿಗೆ ನನಗೆ ಬಡ್ತಿ ಸಿಕ್ಕಿತು. ಕೋಟಿನ ಕಥೆ ತೆಗೆದರೆ ಯಾರೂ ಗದರಲಿಲ್ಲ. ಹೆಂಡತಿ ಸುಮ್ಮನೆ ಬಂದು ಪಕ್ಕದಲ್ಲಿ ನಿಂತಳು. ಅದೇನು ಮಾಯವೋ, ಕಥೆ ತಾನಾಗಿ ಬತ್ತಿಹೋಯಿತು. ಬುಧವಾರದ ಹೊತ್ತಿಗೆ ಒಗೆದ ಬಟ್ಟೆಯ ಖಾತೆ, ತರಕಾರಿ ಖಾತೆ, ಟೀ ಖಾತೆ ಎಲ್ಲವೂ ನನ್ನ ಸಾಮ್ರಾಜ್ಯಕ್ಕೆ ಸೇರಿದ್ದವು. "ಕಡೆಗೂ ಹಿರಿತನಕ್ಕೆ ಬೆಲೆ ಬಂತು," ಎಂದು ಪಕ್ಕದ ಮನೆಯ ನಿವೃತ್ತ ಕಂಡಕ್ಟರನ ಮುಂದೆ ಮೀಸೆ ತಿರುವಿದೆ. (ಹೆಗಲ ಮೇಲೆ ಒದ್ದೆ ಬಟ್ಟೆಯ ಹೊರೆಯಿತ್ತು, ಅವನು ಅದನ್ನೇ ನೋಡುತ್ತಿದ್ದ.)

ಗುರುವಾರ ಸಂಜೆ ಸೊಸೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಖಾಯಂ ಆಯ್ತು ಅತ್ತೆ," ಎಂದಳು. ಆ ಹುಡುಗ ತುಟಿ ಪಿಟಕ್ಕೆನ್ನಲಿಲ್ಲವಂತೆ. ತಾನೇ ಎಲ್ಲರಿಗೂ ಪಟ್ಟಿ ಹಂಚಿದನಂತೆ, ಹೆಡ್ ಮೇಡಂಗೂ ಸ್ಕೇಲು ಹಿಡಿಯುವುದು ತೋರಿಸಿದನಂತೆ.

"ಎಲ್ಲ ನಾನು ಕತ್ತರಿಸಿದ ಪಟ್ಟಿಯ ಮಹಿಮೆ," ಎಂದು ಹೇಳಿ ಟೀ ಮಾಡಲು ಒಳಗೆ ಹೋದೆ.

ಲೋಟಗಳ ತಟ್ಟೆ ಹಿಡಿದು ಬಂದಾಗ ಅತ್ತೆ ಸೊಸೆ ಕಂಪ್ಯೂಟರ್ ಮುಂದೆ ಕೂತಿದ್ದರು. ವಿಡಿಯೋದಲ್ಲಿ ಕನ್ನಡಕದ ಹೆಂಗಸೊಬ್ಬಳು ಸಮಾಧಾನವಾಗಿ ಹೇಳುತ್ತಿದ್ದಳು: "ಪಾಠ ಕೆಡಿಸುವ ಮಗುವನ್ನು ಗದರಬೇಡಿ. ಚಿಕ್ಕ ಒಳ್ಳೆಯ ಕೆಲಸಕ್ಕೂ ಎಲ್ಲರೆದುರು ಹೊಗಳಿ. ಕಣ್ಣೆದುರು ಕೂರಿಸಿಕೊಳ್ಳಿ. ಮಾತು ಹೆಚ್ಚಾದರೆ ಸುಮ್ಮನೆ ಹೋಗಿ ಪಕ್ಕದಲ್ಲಿ ನಿಲ್ಲಿ. ಒಂದು ಜವಾಬ್ದಾರಿ ಕೊಡಿ. ತಾನಾಗಿ ದಾರಿಗೆ ಬರುತ್ತದೆ."

ನಾನು ಗಕ್ಕನೆ ನಿಂತ ರಭಸಕ್ಕೆ ಟೀ ತಟ್ಟೆಗೆಲ್ಲ ತುಳುಕಿತು.

"ಮಾವನೇ ದಾರಿಗೆ ಬಂದ ಮೇಲೆ ಆ ಹುಡುಗ ಯಾವ ಲೆಕ್ಕ ಅಂತ ಧೈರ್ಯ ಬಂತು ಅತ್ತೆ," ಎನ್ನುತ್ತಿದ್ದಳು ಸೊಸೆ.

"ನಾನು ಇಷ್ಟು ವರ್ಷ ಬೈದು ಬೈದು ಬಾಯಿ ಸವೆಸಿಕೊಂಡೆನಲ್ಲೇ," ಎಂದಳು ಹೆಂಡತಿ. "ನನ್ನ ಕಾಲಕ್ಕೆ ಇದು ಇರಬಾರದಿತ್ತೇ."

ನಾನು ಕೆಮ್ಮಿದೆ. ಇಬ್ಬರೂ ತಿರುಗಿದರು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ, ಎದೆ ಸೆಟೆಸಿ, "ಹಾಗಾದರೆ ನಾನೇನು ನಿಮಗೆ..." ಎಂದು ಸಿಡಿಯಲು ಹೊರಟೆ.

ಹೆಂಡತಿ ಅವಸರ ಮಾಡಲಿಲ್ಲ. ಲೋಟ ಎತ್ತಿ ಒಂದು ಗುಟುಕು ಕುಡಿದಳು. "ಏನೇ ಹೇಳು, ಟೀ ಅಂದರೆ ಇವರ ಕೈಯದೇ," ಎಂದಳು ಸೊಸೆಗೆ. "ಒಂದು ಹನಿ ಚೆಲ್ಲಿಲ್ಲ ನೋಡು."

ತಟ್ಟೆಯಲ್ಲಿ ಟೀ ಕೆರೆಯಾಗಿ ನಿಂತಿತ್ತು. ಅದು ನನಗೆ ಕಾಣುತ್ತಿತ್ತು. ಇದು ಮದ್ದು ಎಂದೂ ಗೊತ್ತಿತ್ತು. ಮದ್ದಿನ ಸೀಸೆಯನ್ನೇ ಈಗತಾನೆ ಕಣ್ಣಾರೆ ನೋಡಿದ್ದೆ. ಆದರೂ ನನ್ನ ಬಾಯಿಂದ ಬಂದ ಮಾತು ಇಷ್ಟೇ:

"ಇನ್ನರ್ಧ ಲೋಟ ತರಲೇನೇ?"