ಮಾವನ ಸರ್ಕಸ್ ಪಾಂಡಿತ್ಯ

ನನ್ನ ಸೋದರಮಾವನಷ್ಟು ಸರ್ಕಸ್ ನೋಡಿದವರು ಮುಂಬಯಿಯಲ್ಲಿ ಇನ್ನೊಬ್ಬರಿದ್ದರೆ ಅದು ಸರ್ಕಸ್ಸಿನ ಆನೆಯೇ ಇರಬೇಕು!

ಧಾರವಾಡದಿಂದ ಬಂದು ಮಾಟುಂಗದ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದ ಮನುಷ್ಯ. ಸಂಜೆ ಮನೆಪಾಠ ಹೇಳಿದ್ದರೆ ಅತ್ತೆಯ ಕೊರಳಿಗೆ ಒಂದೆಳೆ ಸರವಾದರೂ ಬರುತ್ತಿತ್ತು. ಆದರೆ ಪರೇಲಿನ ಮೈದಾನದಲ್ಲಿ ಡೇರೆ ಎದ್ದಿತೆಂದರೆ ಮಾವ ಅಲ್ಲೇ. ಸರ್ಕಸ್ ಬಿಳಿ ಸಾಹೇಬರದ್ದಲ್ಲ, ನಮ್ಮ ಡೊಂಬರ ಹಗ್ಗದಿಂದ, ಗರಡಿಯ ಮಲ್ಲಕಂಬದಿಂದ ಹುಟ್ಟಿದ್ದು ಎಂಬುದು ಅವನ ಸಂಶೋಧನೆ.

ಸಂಶೋಧನೆ ಅಂದಮೇಲೆ ಪ್ರಯೋಗ ಬೇಡವೆ? ಒಮ್ಮೆ ಚಾಳಿನ ಮನೆಗಳ ಮುಂದಿನ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಮೊಣಕಾಲೆತ್ತರಕ್ಕೆ ಕಟ್ಟಿ, ಕೊಡೆ ಹಿಡಿದು ಹತ್ತಿದ. ಹಗ್ಗ ತಡೆಯಿತು, ಗೋಡೆಯ ಮೊಳೆ ತಡೆಯಲಿಲ್ಲ. ನೆರೆಮನೆಯ ಮರಾಠಿ ಅಜ್ಜಿ ಒಣಹಾಕಿದ್ದ ಹಪ್ಪಳಗಳ ಮೇಲೆ ಬಿದ್ದ. ಅಜ್ಜಿ ಬೈದ ಬೈಗುಳದಲ್ಲಿ ಅರ್ಧ ಪದಗಳು ಮೂಲತಃ ಕನ್ನಡದವೆಂದು, ಸೊಂಟ ಹಿಡಿದುಕೊಂಡೇ ವಾದಿಸಿದ.

ಇನ್ನೊಮ್ಮೆ ಡೇರೆಯಲ್ಲಿ ಜೋಕರ್, ಪ್ರೇಕ್ಷಕರಲ್ಲಿ ಯಾರಾದರೂ ಬನ್ನಿ ಎಂದು ಕರೆದ. ಮಾವ ಕಚ್ಚೆ ಬಿಗಿದು ಇಳಿದವನು ಲಾಗ ಹಾಕುವ ಬದಲು ಲಾಗದ ಇತಿಹಾಸ ಹೇಳತೊಡಗಿದ. ಜನ ಬಿದ್ದು ಬಿದ್ದು ನಕ್ಕರು. ನಮ್ಮಲ್ಲಿ ಜೋಕರ್ ಕೆಲಸ ಖಾಲಿಯಿದೆ ಎಂದನಂತೆ ಮ್ಯಾನೇಜರ್. ಅತ್ತೆ ಕೇಳಿದ್ದು ಇಷ್ಟೇ:

"ಊಟ ಅವರ ಹಾಕ್ತಾರಂತೇನು?"

ಕೊನೆಗೆ ಕನ್ನಡ ಸಂಘದವರು ಅವನ ಕಾಟ ತಾಳದೆ ಒಂದು ಭಾನುವಾರ ಭಾಷಣಕ್ಕೆ ಒಪ್ಪಿದರು. ಆ ವಾರ ಮಾವ ಊಟದ ನಡುವೆಯೂ "ಮಹನೀಯರೆ" ಅನ್ನುತ್ತಿದ್ದ. ಸಭೆಗೆ ಅತ್ತೆಯೂ ಬಂದಿದ್ದಳು. ಮಾತು ಶುರುವಾಗುತ್ತಲೇ ಮುಂದಿನ ಸಾಲಿನ ಹಿರಿಯರೊಬ್ಬರು, ಡೊಂಬರಾಟವೂ ಒಂದು ವಿದ್ಯೆಯೆ ಎಂದು ಪಕ್ಕದವರಿಗೆ, ಎಲ್ಲರಿಗೂ ಕೇಳುವಂತೆ, ಪಿಸುಗುಟ್ಟಿದರು. ನಗು ಹರಡಿತು. ಮಾವನ ಮುಖ ಸಣ್ಣದಾಯಿತು.

ಆಗಲೇ ಅವನ ಕಣ್ಣು ಬಾಗಿಲಿಗೆ ಹೋಯಿತು. ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆಯುತ್ತಿದ್ದ ಹೆಂಗಸು, ವಿಜಾಪುರದ ಕಡೆಯ ಡೊಂಬರ ಮನೆತನದವಳು, ಅವನೇ ಕರೆದಿದ್ದರಿಂದ ಬಂದಿದ್ದಳು. ಹಿಂದಿನ ಕುರ್ಚಿಗಳು ಖಾಲಿಯಿದ್ದರೂ ಗೋಡೆಗೆ ಒರಗಿ ನಿಂತಿದ್ದಳು. ಪಿಸುಮಾತು ಅವಳಿಗೂ ಕೇಳಿಸಿತ್ತು.

ಮಾವ ಭಾಷಣ ನಿಲ್ಲಿಸಿ ಇಳಿದು ಹೋದ. ಅವಳನ್ನು ವೇದಿಕೆಗೆ ಕರೆತಂದು, ತನ್ನ ಕುರ್ಚಿ ತೋರಿಸಿ, "ಕೂಡ್ರಿ ಅಕ್ಕಾರ," ಅಂದ.

ಅವಳು ಕುರ್ಚಿಯ ಅಂಚಿಗೆ ಕೂತಳು. ಡೇರೆಯ ಎತ್ತರದಲ್ಲಿ ಹಗ್ಗದ ಮೇಲೆ ನಿಲ್ಲುವವಳು ಇಲ್ಲಿ ಎರಡೂ ಕೈಯಿಂದ ಕುರ್ಚಿ ಹಿಡಿದಿದ್ದಳು.

"ನಮ್ಮ ಆಟ ಭಾಳ ಮಂದಿ ನೋಡ್ಯಾರ್ರಿ ಮಾಸ್ತರ," ಅಂದಳು. "ಕೂಡ್ರಿ ಅಂದವರು ನೀವ ಮೊದಲಿಗರು."

ಮಾವ ಭಾಷಣದ ಹಾಳೆಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಅತ್ತೆ ಎದ್ದು ಹೋಗಿ ಅವಳ ಕೈಗೆ ನೀರಿನ ಲೋಟ ಕೊಟ್ಟು, ಕುಡಿದು ಮುಗಿಸುವವರೆಗೂ ಪಕ್ಕದಲ್ಲಿ ನಿಂತಿದ್ದಳು.